ಮೈಸೂರಿನ ನೆರವು, ಬಾಲಾಕಿರೆವನ ಸಿಂಫನಿ: ಮೂರು ಧ್ವನಿಮುದ್ರಿಕೆಗಳ ತುಲನೆ

ಜಯಚಾಮರಾಜ ಒಡೆಯರ (1919–1974) ಪಾಶ್ಚಾತ್ಯ ಸಂಗೀತಪ್ರೇಮದ ಕುರಿತ ಬರಹಗಳಲ್ಲಿ ಅವರು ನೀಡಿದ ಹಣದ ಲೆಕ್ಕವೇ ಮುಂದಾಗುತ್ತದೆ. ಆ ಹಣದಿಂದ ಹುಟ್ಟಿದ ನಾದವನ್ನು ಕೇಳಿ ಬೆಲೆಕಟ್ಟುವ ಕೆಲಸ ಹಿಂದುಳಿಯುತ್ತದೆ. ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಮೈಸೂರಿನ ನೆರವು ದೊರೆತದ್ದು, ನಿಕೊಲಾಯ್ ಮೆಟ್ನರನ ಕೃತಿಗಳು ಮಹಾರಾಜರ ಬೆಂಬಲದಿಂದಲೇ ಮುದ್ರಣಗೊಂಡದ್ದು ಸುಪರಿಚಿತ ಸಂಗತಿಗಳು. ಆದರೆ 1949ರ ನವೆಂಬರಿನಲ್ಲಿ ಹರ್ಬರ್ಟ್ ಫಾನ್ ಕರಾಯನ್ ಇದೇ ವಾದ್ಯವೃಂದದಿಂದ ನುಡಿಸಿದ ಮಿಲಿ ಬಾಲಾಕಿರೆವನ ಮೊದಲನೆಯ ಸಿಂಫನಿಯೂ ಮೈಸೂರಿನ ಋಣದಲ್ಲಿದೆ. ಮಾರಾಟವನ್ನಷ್ಟೇ ನೆಚ್ಚಿದ ಕಂಪೆನಿ ಅಂದು ಇಂತಹ ಕೃತಿಗೆ ಕೈಹಾಕುವುದು ಕಷ್ಟವಿತ್ತು. ಕರಾಯನ್ ಮತ್ತೆಂದೂ ಇದನ್ನು ಮುದ್ರಿಸಲಿಲ್ಲ.

ಕೃತಿಯ ಇತಿಹಾಸವೇ ವಿಚಿತ್ರ. 1864ರಲ್ಲಿ ಆರಂಭಗೊಂಡದ್ದು ಮುಗಿದದ್ದು 1897ರಲ್ಲಿ. ಮೊದಲ ಪ್ರಯೋಗ ಮರುವರ್ಷ. ಯೌವನದ ಕಲ್ಪನೆಯನ್ನು ಮೂವತ್ತಮೂರು ವರ್ಷಗಳ ಬಳಿಕ ಪ್ರೌಢಹಸ್ತ ಪೂರ್ಣಗೊಳಿಸಿತು. ಮೊದಲ ಭಾಗದ ವಿಳಂಬ ಪೀಠಿಕೆಯಲ್ಲಿ ಕೇಳಿಸುವ ಪುಟ್ಟ ಸ್ವರಗುಚ್ಛಗಳೇ ಮುಂದಿನ ದ್ರುತಕ್ಕೆ ಬೀಜ. ಮೂರನೆಯ ಭಾಗದಲ್ಲಿ ಕ್ಲಾರಿನೆಟ್ಟಿನ ಪೌರ್ವಾತ್ಯ ಛಾಯೆಯ ದೀರ್ಘರಾಗ; ಅದು ನಿಲ್ಲದೆಯೇ ಕೊನೆಯ ಭಾಗಕ್ಕೆ ದಾಟುತ್ತದೆ.

ಬರೆದಿಟ್ಟದ್ದು ಒಂದೇ ಆದರೂ ಕೇಳಿಸುವುದು ಒಂದೇ ಅಲ್ಲ ಎಂಬುದನ್ನು ಕಾಸರಗೋಡಿನ ಕೇಳುಗನಿಗೆ ಬೇರೆ ಹೇಳಬೇಕಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ಪ್ರಸಂಗದ ಪದ್ಯವೊಂದು ಬಲಿಪ ನಾರಾಯಣ ಭಾಗವತರ ಕಂಠದಲ್ಲಿ ಪಡೆಯುವ ನಡೆ ಬೇರೆ, ಪದ್ಯಾಣ ಗಣಪತಿ ಭಟ್ಟರಲ್ಲಿ ಪಡೆಯುವ ನಡೆ ಬೇರೆ. ಹೋಲಿಕೆಯನ್ನು ಇದಕ್ಕಿಂತ ಮುಂದೊಯ್ಯಲಾಗದು: ಭಾಗವತ ತಾನೇ ಹಾಡುತ್ತಾನೆ, ವಾದ್ಯವೃಂದದ ನಿರ್ದೇಶಕ ಒಂದು ಸ್ವರವನ್ನೂ ನುಡಿಸುವುದಿಲ್ಲ. ಆದರೂ ಕಾಲವನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಬಿಗಿಯಬೇಕು ಎಂಬ ನಿರ್ಧಾರ ಇಬ್ಬರದೂ ಹೌದು.

ಕರಾಯನ್ನನದು ಬಿಗಿತದ ಪಕ್ಷ. ಮೊದಲ ಭಾಗ ಓಟದಲ್ಲಿಯೂ ಕದಡುವುದಿಲ್ಲ. ಪೀಠಿಕೆಯ ಬೀಜಗಳು ದ್ರುತದಲ್ಲಿ ಎಲ್ಲೆಲ್ಲಿ ಮೊಳೆತಿವೆ ಎಂಬುದು ಸ್ಪಷ್ಟವಾಗಿ ಕೇಳುತ್ತದೆ. ನಾಲ್ಕು ವರ್ಷಗಳಷ್ಟೇ ಹಳೆಯದಾದ ವಾದ್ಯವೃಂದದಿಂದ ಈ ಶಿಸ್ತು ದೊರೆತದ್ದು ಸಣ್ಣ ಸಾಧನೆಯಲ್ಲ. ಹೊರಬಂದದ್ದು 78 ಸುತ್ತಿನ ತಟ್ಟೆಗಳಲ್ಲಿ. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ. ಪ್ರತಿ ಮಗ್ಗುಲಿನ ಕೊನೆಗೂ ಕೇಳುಗ ಎದ್ದು ತಟ್ಟೆ ಮಗುಚಬೇಕಾಗಿದ್ದ ಆ ಕಾಲದಲ್ಲಿ, ನಿಲ್ಲದೆ ಸಾಗಬೇಕಾದ ರಚನೆಯ ಹಿಡಿತ ಸಡಿಲದಂತೆ ನೋಡಿಕೊಂಡದ್ದು ಗಮನಾರ್ಹ. ಆದರೆ ಮೂರನೆಯ ಭಾಗದಲ್ಲಿ ಈ ಶಿಸ್ತೇ ತೊಡಕಾಗುತ್ತದೆ. ಕ್ಲಾರಿನೆಟ್ಟಿನ ರಾಗ ಸುಂದರವಾಗಿ ಹೊಮ್ಮುತ್ತದೆ, ತಂಗುವುದಿಲ್ಲ.

ತಂಗಲು ಗೊತ್ತಿರುವವನು ಥಾಮಸ್ ಬೀಚಮ್. ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ 1955ರಲ್ಲಿ ಆತ ಮಾಡಿದ ಮುದ್ರಿಕೆಯಲ್ಲಿ ಪದಗುಚ್ಛದ ತುದಿ ತುಸು ಬಾಗುತ್ತದೆ, ಹಾರ್ಪಿನ ತಂತಿ ಮೀಟಿದ ಮೇಲೆ ಗಾಳಿಗೆ ಅವಕಾಶವಿರುತ್ತದೆ. ರಾಗ ಅಲ್ಲಿ ಅಲಂಕಾರವಲ್ಲ, ಉಸಿರು. ಮೊದಲ ಭಾಗದಲ್ಲಿ ಮಾತ್ರ ಬೀಚಮ್ಮನ ಧಾರಾಳ ಸಂಧಿಗಳನ್ನು ಸಡಿಲಿಸಿದೆ; ಬಾಲಾಕಿರೆವನ ರಚನೆ ಹಾಗೆಯೇ ಸ್ವಲ್ಪ ಸಡಿಲ, ಅದನ್ನು ಕರಾಯನ್ ಮರೆಸುತ್ತಾನೆ, ಬೀಚಮ್ ಮರೆಸುವುದಿಲ್ಲ. ಒಂದನ್ನೇ ಆರಿಸಬೇಕಾದರೆ, ಮೂರನೆಯ ಭಾಗದ ಸಲುವಾಗಿ ಬೀಚಮ್ಮನನ್ನೇ ಆರಿಸಬೇಕು. ಹೀಗೆನ್ನುವುದರಿಂದ ಮೈಸೂರಿನ ಹಿರಿಮೆಗೆ ಕುಂದಿಲ್ಲ. ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿದ ಮಹಾರಾಜರಿಗೆ ನೆರವು ಸಂದದ್ದೆಲ್ಲವೂ ಶ್ರೇಷ್ಠವೆಂಬ ಭಟ್ಟಂಗಿತನ ಬೇಕಿರಲಾರದು.

ಮೂರನೆಯ ಮುದ್ರಿಕೆ ಯೆವ್ಗೆನಿ ಸ್ವೆತ್ಲಾನೋವನದು. ಮಾಸ್ಕೋದ ತನ್ನ ವಾದ್ಯವೃಂದದೊಡನೆ ಈ ಕೃತಿಯನ್ನು ಮೊದಲೇ ಮುದ್ರಿಸಿದ್ದ ಆತ 1990ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಮತ್ತೆ ಮುದ್ರಿಸಿದ. ನುಡಿಸಿದ್ದು ಅದೇ ಫಿಲ್‌ಹಾರ್ಮೋನಿಯಾ. ನಾಲ್ಕು ದಶಕಗಳಲ್ಲಿ ವಾದಕರು ಬದಲಾಗಿದ್ದರು, ನೆರವಿತ್ತ ಅರಮನೆಯೂ ಅಧಿಕಾರದಲ್ಲಿರಲಿಲ್ಲ. ಕರಾಯನ್ ಓಡಿದಲ್ಲಿ ಸ್ವೆತ್ಲಾನೋವ್ ನಡೆಯುತ್ತಾನೆ. ಕಂಚುವಾದ್ಯಗಳಿಗೆ ಬಿಚ್ಚುದನಿ ಬಿಡುತ್ತಾನೆ. ಕೊನೆಯ ಭಾಗದ ಜಾನಪದ ಧಾಟಿಗಳು ಇಲ್ಲಿ ಕುಣಿತವನ್ನು ಮರೆತು ಮೆರವಣಿಗೆಯಾಗಿವೆ, ಇದು ನಷ್ಟ. ಆದರೆ ಕ್ಲಾರಿನೆಟ್ಟಿನ ರಾಗಕ್ಕೆ 1949ರಲ್ಲಿ ಇದೇ ವಾದ್ಯವೃಂದ ಕೊಡಲಾಗದಿದ್ದ ಬಿಡುವು ಕೊನೆಗೂ ದೊರೆತಿದೆ.