ನೋಂದಣಿಗೂ ಮುಂಚಿನ ಹಾದಿ

ಎಲ್ಲಾ ಆನ್‌ಲೈನ್ ಆದರೆ ದವಾಖಾನೆಯಲ್ಲಿ ತಪ್ಪುಗಳೇ ಆಗುವುದಿಲ್ಲ ಎಂಬ ಮಾತು ವಿಜಯಪುರದಲ್ಲೂ ಸಲೀಸಾಗಿ ಓಡಾಡುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರುವಾಯಿತು. 14 ಅಂಕಿಯ ಆಭಾ ನಂಬರು ಬಂತು, ಹಿಂದೆಯೇ ಕೌಂಟರಿನ ಗೋಡೆಗೆ ಕ್ಯೂಆರ್ ಕೋಡು. ಮೊಬೈಲ್ ಹಿಡಿದರೆ ಟೋಕನ್ ಸಿಗುತ್ತದೆ. ಪಾಳಿ ಹಚ್ಚುವುದು ತಪ್ಪುತ್ತದೆ, ಒಪ್ಪೋಣ. ಅಷ್ಟಕ್ಕೇ ರೋಗಿಯ ಜೀವ ಸುರಕ್ಷಿತ ಎನ್ನುವವರ ಜೊತೆಗೇ ನನ್ನ ತಕರಾರು.

ತಿಕೋಟಾ ಭಾಗ ದ್ರಾಕ್ಷಿಯ ಸೀಮೆ. ತೋಟಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯದೆ ಅಲ್ಲಿ ಬೆಳೆ ಇಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಎಣ್ಣಿ ಹೊಟ್ಟೆ ಸೇರಿದವನನ್ನು ಮೊದಲು ಹತ್ತಿರದ ಸರ್ಕಾರಿ ದವಾಖಾನೆಗೆ ಒಯ್ಯುತ್ತಾರೆ. ಅಲ್ಲಿ ಅಟ್ರೋಪಿನ್ ಕೊಟ್ಟು 108ರಲ್ಲಿ ವಿಜಯಪುರಕ್ಕೆ ಸಾಗಹಾಕುತ್ತಾರೆ. ಈ ವಿಷ ಕಣ್ಣಿನ ಪಾಪೆಯನ್ನು ಸೂಜಿಮೊನೆಯಷ್ಟು ಕುಗ್ಗಿಸುತ್ತದೆ, ಅಟ್ರೋಪಿನ್ ಅದನ್ನೇ ಹಿಗ್ಗಿಸುತ್ತದೆ. ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ ಕೊಟ್ಟರೆಂಬುದು ರೆಫರ್ ಚೀಟಿಯಲ್ಲಿ ಇಲ್ಲದಿದ್ದರೆ, ವಿಜಯಪುರದ ವೈದ್ಯರು ಟಾರ್ಚ್ ಬಿಟ್ಟು ನೋಡುತ್ತಿರುವುದು ವಿಷದ ಪರಿಣಾಮವನ್ನೋ ಮದ್ದಿನ ಪರಿಣಾಮವನ್ನೋ? ಗಾಬರಿಯಲ್ಲಿ ಡಬ್ಬಿ ಹೊಲದಲ್ಲೇ ಉಳಿದಿರುತ್ತದೆ. ಜೊತೆಗೆ ಬಂದವನು ‘ಎಣ್ಣಿ ಕುಡದಾನ್ರಿ’ ಎನ್ನುತ್ತಾನೆ, ಅಷ್ಟೇ. ಆಭಾ ನಂಬರು ಇಲ್ಲಿ ಹೇಳುವುದು ಅವನ ಹೆಸರು, ವಯಸ್ಸು, ವಿಳಾಸ.

ಇದು ನಮ್ಮ ಹಳ್ಳಿಗಾಡಿನ ಕೊರತೆ ಮಾತ್ರ ಎಂದು ತಿಳಿಯಬೇಕಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆ 2002ರಲ್ಲಿ ವೈದ್ಯರ ಔಷಧ ಆದೇಶಗಳನ್ನೆಲ್ಲ ಕಂಪ್ಯೂಟರಿಗೆ ತಂದಿತು. ಬೇರೆ ಆಸ್ಪತ್ರೆಗಳಿಂದ ಸಾಗಿಸಿ ತಂದ ಮಕ್ಕಳ ಲೆಕ್ಕವನ್ನು ಅಲ್ಲಿನ ವೈದ್ಯರೇ 2005ರಲ್ಲಿ ಪ್ರಕಟಿಸಿದರು: ಸಾವಿನ ಪ್ರಮಾಣ ಶೇ 2.80ರಿಂದ 6.57ಕ್ಕೆ ಏರಿತ್ತು. ಮೊದಲು ಹಾದಿಯಿಂದಲೇ ಫೋನು ಬಂದರೆ ಮಗು ಮುಟ್ಟುವಷ್ಟರಲ್ಲಿ ಔಷಧ ತಯಾರಿರುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು, ನೋಂದಣಿ ಆಗುವ ತನಕ ಒಂದೂ ಆದೇಶ ಬರೆಯುವಂತಿರಲಿಲ್ಲ. ಅಧ್ಯಯನದ ವಿಧಾನಕ್ಕೆ ಆಕ್ಷೇಪಗಳೂ ಬಂದವು, ನ್ಯಾಯವೇ. ಅದೇ ಕಂಪನಿಯ ಸಾಫ್ಟ್‌ವೇರನ್ನು ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯೂ ಹಾಕಿಕೊಂಡಿತು. ಅಲ್ಲಿ ಸಾವು ಹೆಚ್ಚಲಿಲ್ಲ ಎಂದು 2006ರ ವರದಿ ಹೇಳಿತು. ಹಾಗಾದರೆ ದೋಷ ಯಂತ್ರದ್ದಷ್ಟೇ ಅಲ್ಲ. ಅದನ್ನು ಯಾರ ಕೆಲಸಕ್ಕೆ ಹೇಗೆ ಹೊಂದಿಸಿದರು ಎಂಬುದರಲ್ಲೂ ಇತ್ತು.

ಕಾಗದದ ವಕಾಲತ್ತು ನನ್ನದಲ್ಲ. ವೈದ್ಯರ ಅಕ್ಷರ ಓದಲಾಗದೆ ಮೆಡಿಕಲ್ ಅಂಗಡಿಯವನು ಅಂದಾಜಿನಲ್ಲಿ ಗುಳಿಗಿ ಕೊಡುವುದನ್ನು ಯಾರು ಮೆಚ್ಚುತ್ತಾರೆ? ಆದರೆ ಸಾಫ್ಟ್‌ವೇರಿನ ಗೆಲುವನ್ನು ನಾವು ಅಳೆಯುವ ರೀತಿ ನೋಡಿ. 2023ರ ಜನವರಿಯಿಂದ ಜಾರಿಯಾದ ಪ್ರೋತ್ಸಾಹಧನ ಯೋಜನೆಯಲ್ಲಿ ಆಸ್ಪತ್ರೆಗೆ ಹಣ ಬರುವುದು ಆಭಾಗೆ ಜೋಡಿಸಿದ ವ್ಯವಹಾರಗಳ ಸಂಖ್ಯೆಯ ಮೇಲೆ. ಟೋಕನ್ ಕೊಟ್ಟದ್ದೂ ಲೆಕ್ಕಕ್ಕೆ ಸೇರುತ್ತದೆ. ಅಟ್ರೋಪಿನ್ ಕೊಟ್ಟ ಹೊತ್ತನ್ನು ಸರಿಯಾಗಿ ಬರೆದು ಕಳಿಸಿದ ನರ್ಸಮ್ಮನಿಗೆ ಅದರಲ್ಲಿ ಯಾವ ಕಾಲಮ್ಮೂ ಇಲ್ಲ.

ತಿಕೋಟಾ, ಬಬಲೇಶ್ವರದಿಂದ ರೋಗಿ ಹೊರಟ ಕೂಡಲೇ ವಿಜಯಪುರದಲ್ಲಿ ಅವನ ನೋಂದಣಿ ಆಗುವಂತಿರಬೇಕು. ವಿಷದ ಹೆಸರು, ಮದ್ದಿನ ಪ್ರಮಾಣ, ಹೊತ್ತು ಈ ಮೂರಾದರೂ ಗಾಡಿಗಿಂತ ಮುಂಚೆ ವಾರ್ಡಿಗೆ ಮುಟ್ಟಬೇಕು. ಇದಕ್ಕೆ ದೊಡ್ಡ ಸಾಫ್ಟ್‌ವೇರೇನೂ ಬೇಡ, ಒಂದು ಫೋನೂ ಸಾಕಾದೀತು. ಊರಲ್ಲಿ ಬಿ.ಎಂ. ಪಾಟೀಲ ಮತ್ತು ಅಲ್-ಅಮೀನ್ ಎಂದು ಎರಡು ವೈದ್ಯಕೀಯ ಕಾಲೇಜುಗಳಿವೆ, ವರ್ಷವೂ ಪ್ರಬಂಧಕ್ಕೆ ವಿಷಯ ಹುಡುಕುವ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ. 108 ಗೇಟಿನೊಳಗೆ ಬಂದ ಮೇಲೆ ಮೊದಲ ಮದ್ದು ಬೀಳಲು ಎಷ್ಟು ನಿಮಿಷ ಹಿಡಿಯಿತು, ಕಂಪ್ಯೂಟರ್ ಬರುವ ಮುಂಚೆ ಎಷ್ಟಿತ್ತು, ಬಂದ ಮೇಲೆ ಎಷ್ಟಾಯಿತು ಎಂದು ಅವರಲ್ಲಿ ಯಾರಾದರೂ ಗಡಿಯಾರ ಹಿಡಿದು ಬರೆದಿಡಲಿ. ಆಮೇಲೆ ಕ್ಯೂಆರ್ ಕೋಡಿನ ಗುಣಗಾನಕ್ಕೆ ನಾನೂ ದನಿಗೂಡಿಸುತ್ತೇನೆ.