ಹಳೇ ಶೆಲ್ಲುಗಳನ್ನು ಎಸೆಯುವ ಮುನ್ನ

ಹಳೆಯ ಕಾರಿನ ಇಂಜಿನ್ ಬಿಚ್ಚಿದ ಕಡೆ ನಾನು ಮೊದಲು ಕೇಳುವುದು ಬೇರಿಂಗ್ ಶೆಲ್ಲುಗಳನ್ನು, ಅಂದರೆ ಕ್ರ್ಯಾಂಕನ್ನು ಜೋಡಿಯಾಗಿ ಸುತ್ತುವರಿಯುವ ಅರ್ಧವೃತ್ತದ ತೆಳು ಪಟ್ಟಿಗಳನ್ನು. ಅವನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದಿದ್ದರೆ ಮನಸ್ಸು ಮುದುಡುತ್ತದೆ. ಯಾವ ಶೆಲ್ ಯಾವ ಸಿಲಿಂಡರಿನದು, ಮೇಲಿನದೋ ಕೆಳಗಿನದೋ, ಮುಂದಿನ ಅಂಚು ಯಾವುದು ಎಂದು ತಿಳಿಯದ ಮೇಲೆ ಅವು ಬರೀ ಗುಜರಿ.

ಗೆಳೆಯರೊಬ್ಬರ ಅಂಬಾಸಿಡರ್ ಮಾರ್ಕ್ 2, 1489 ಸಿಸಿ ಇಂಜಿನ್ನಿನದು, ಪೂರ್ತಿ ಇಂಜಿನ್ ಕೆಲಸ ಮಾಡಿಸಿ ಆರು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಕೆಳಗಿನಿಂದ ಟಕಟಕ ಸದ್ದು ಶುರುವಾಯಿತು. ಮೂರನೇ ಪ್ಲಗ್ಗಿನ ವೈರ್ ಕಿತ್ತರೆ ಸದ್ದು ತಗ್ಗುತ್ತಿತ್ತು. "ಬಿಗ್ ಎಂಡ್ ಬೇರಿಂಗ್ ಹೊಡೆದಿದೆ ಸಾರ್, ಕ್ರ್ಯಾಂಕ್ ಇನ್ನೊಂದು ಹತ್ತು ಥೌ ಗ್ರೈಂಡ್ ಮಾಡಿಸಿ ಹೊಸ ಶೆಲ್ ಹಾಕೋಣ" ಎಂದರು ಮೆಕ್ಯಾನಿಕ್. ಬಿಗ್ ಎಂಡ್ ಎಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿ; ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಆ ಕ್ರ್ಯಾಂಕ್ ಆಗಲೇ ಇಪ್ಪತ್ತು ಥೌ ಕಳೆದುಕೊಂಡಿತ್ತು. ಪ್ರತಿ ರಿಪೇರಿಗೂ ಹೀಗೆ ತೇಯುತ್ತ ಹೋದರೆ ಒಂದು ದಿನ ಅದಕ್ಕೆ ಹೊಂದುವ ಶೆಲ್ಲೇ ಸಿಗುವುದಿಲ್ಲ.

ಸವೆದದ್ದು ಏಕೆ ಎಂದು ಮೊದಲು ತಿಳಿಯಬೇಕಿತ್ತು. ಈ ಬಗೆಯ ಶೆಲ್ಲಿನ ಬೆನ್ನು ಉಕ್ಕು, ಅದರ ಮೇಲೆ ತಾಮ್ರ-ಸೀಸದ ಪದರ, ಎಲ್ಲಕ್ಕಿಂತ ಮೇಲೆ ಸೀಸ-ತವರದ ಬೂದುಬಣ್ಣದ ಲೇಪ. ಆ ಲೇಪದ ದಪ್ಪ ಸುಮಾರು 0.025 ಮಿಲಿಮೀಟರ್, ತಲೆಗೂದಲಿಗಿಂತ ತೆಳು. ಅದು ಸವೆದಲ್ಲಿ ತಾಮ್ರದ ಕೆಂಪು ಇಣುಕುತ್ತದೆ. ಎಲ್ಲಿ ಇಣುಕಿದೆ ಎಂಬುದರಲ್ಲೇ ಕಾರಣವಿರುತ್ತದೆ. ಆಯಿಲಿನಲ್ಲಿ ಕಸವಿದ್ದರೆ ತಿರುಗುವ ದಿಕ್ಕಿಗೆ ಗೀರುಗಳು. ಆಯಿಲ್ ಸಾಲದಿದ್ದರೆ ಲೇಪ ಕರಗಿ ಒರೆಸಿದಂತಾಗುತ್ತದೆ. ಜೋಡಿಸುವಾಗ ಶೆಲ್ಲಿನ ಹಿಂದೆ ಒಂದು ಕಣ ಸಿಕ್ಕಿಕೊಂಡಿದ್ದರೆ ಮುಂದೆ ಒಂದೇ ಕಡೆ ಹೊಳಪು, ಬೆನ್ನಲ್ಲಿ ಅದೇ ಜಾಗದಲ್ಲಿ ಗುರುತು. ಬಿಗ್ ಎಂಡಿನಲ್ಲಿ ಸಹಜ ಸವೆತ ಕಾಣುವುದು ಮೇಲಿನ ಶೆಲ್ಲಿನ ನಡುಭಾಗದಲ್ಲಿ. ಪಿಸ್ಟನ್ನಿನ ಹೊಡೆತ ಬೀಳುವುದು ಅಲ್ಲಿಗೇ.

ಇಲ್ಲಿ ಇವ್ಯಾವುದೂ ಇರಲಿಲ್ಲ. ಮೂರನೇ ಸಿಲಿಂಡರಿನ ಮೇಲಿನ ಶೆಲ್ಲಿನಲ್ಲಿ ಮುಂದಿನ ಅಂಚು ಮಾತ್ರ ಕೆಂಪಾಗಿತ್ತು. ಕೆಳಗಿನದರಲ್ಲಿ ಹಿಂದಿನ ಅಂಚು. ಉಳಿದ ಮೂರು ಜೋಡಿ ಹೊಸದರಂತಿದ್ದವು. ಈ ಇಂಜಿನ್ನಿನಲ್ಲಿ ಬಿಗ್ ಎಂಡ್ ರಾಡಿನ ನಟ್ಟನಡುವೆ ಇರದೆ ತುಸು ಪಕ್ಕಕ್ಕಿರುತ್ತದೆ. ಹಾಗಾಗಿ ರಾಡನ್ನು ತಿರುಗುಮುರುಗಾಗಿ ಕೂರಿಸಿದ್ದಾರೆಯೇ ಎಂದು ಮೊದಲು ಅನುಮಾನಿಸಿದೆ. ಇಲ್ಲ, ಸರಿಯಾಗಿಯೇ ಕೂತಿತ್ತು. ಆಮೇಲೆ ಪಿಸ್ಟನ್ ಎತ್ತಿ ನೋಡಿದರೆ ಅದರ ಮೈಮೇಲೂ ಉಜ್ಜಿದ ಗುರುತು ಓರೆಯಾಗಿ ಹಾದಿತ್ತು. ಅಲ್ಲಿಗೆ ಅನುಮಾನ ಉಳಿಯಲಿಲ್ಲ: ಕನೆಕ್ಟಿಂಗ್ ರಾಡ್ ಬಾಗಿದೆ. ಎರಡೂ ತುದಿಯ ತೂತುಗಳಿಗೆ ಸರಳು ತೂರಿಸಿ, ಅವುಗಳ ನಡುವಿನ ಅಂತರವನ್ನು ಎರಡೂ ಪಕ್ಕದಲ್ಲಿ ಅಳೆದಾಗ ಕಣ್ಣಿಗೆ ಕಾಣದ ಬಾಗು ಗೇಜಿಗೆ ಸಿಕ್ಕಿತು.

ಆರು ಸಾವಿರ ಕಿಲೋಮೀಟರಿಗೆ ರಾಡ್ ಬಾಗುವುದೆಂದರೇನು? ರಾಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಅದರ ನಡುವಿಗೆ ವೈಸಿನ ಹಲ್ಲು ಕಚ್ಚಿದ ಗುರುತಿತ್ತು. ಈ ಇಂಜಿನ್ನಿನಲ್ಲಿ ಪಿಸ್ಟನ್ ಪಿನ್ನನ್ನು ಹಿಡಿದಿಡುವುದು ರಾಡಿನ ಮೇಲ್ತುದಿಯ ಒಂದು ಅಡ್ಡ ಬೋಲ್ಟು. ರಾಡನ್ನೇ ವೈಸಿಗೆ ಕೊಟ್ಟು ಆ ಬೋಲ್ಟನ್ನು ಬಿಗಿದರೆ ಸ್ಪ್ಯಾನರಿನ ಬಲವೆಲ್ಲ ರಾಡನ್ನು ಪಕ್ಕಕ್ಕೆ ಬಗ್ಗಿಸುತ್ತದೆ. ಪಿನ್ನಿನ ಎರಡೂ ತುದಿಗೆ ಪ್ಲಗ್ ಕೊಟ್ಟು, ವೈಸಿನಲ್ಲಿ ಆ ಪ್ಲಗ್ಗುಗಳನ್ನು ಹಿಡಿದು ಬಿಗಿಯಬೇಕೆಂದು ಈ ಇಂಜಿನ್ನಿನ ಹಳೆಯ ವರ್ಕ್‌ಶಾಪ್ ಕೈಪಿಡಿಯಲ್ಲೇ ಇದೆ. ಹಿಂದಿನ ಸಲ ಕೆಲಸ ಮಾಡಿದವರು ಆ ಪುಟ ತೆರೆದಿರಲಿಲ್ಲ.

ಕ್ರ್ಯಾಂಕಿನ ಜರ್ನಲ್ಲುಗಳನ್ನು, ಅಂದರೆ ಈ ಶೆಲ್ಲುಗಳೊಳಗೆ ತಿರುಗುವ ಭಾಗಗಳನ್ನು, ಮೈಕ್ರೋಮೀಟರಿನಲ್ಲಿ ಅಳೆದೆವು. ನಾಲ್ಕೂ ದುಂಡಗೇ ಇದ್ದವು. ಗ್ರೈಂಡಿಂಗ್ ಬೇಕಾಗಲಿಲ್ಲ. ತೂಕ ಹೊಂದುವ ಇನ್ನೊಂದು ರಾಡ್ ಹುಡುಕಿ, ನೆಟ್ಟಗಿದೆಯೇ ಎಂದು ನೋಡಿ, ಅದೇ ಅಳತೆಯ ಹೊಸ ಶೆಲ್ ಹಾಕಿದೆವು.

ನಿಮ್ಮ ಕಾರಿನ ಇಂಜಿನ್ ಬಿಚ್ಚುವ ದಿನ ದಯವಿಟ್ಟು ಗ್ಯಾರೇಜಿಗೆ ಹೋಗಿ. ಪ್ರತಿ ಶೆಲ್ಲಿನ ಬೆನ್ನಿಗೆ ನಂಬರ್ ಬರೆಸಿ, ಜೋಡಿ ಜೋಡಿಯಾಗಿ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತನ್ನಿ. ಹೊಸದಕ್ಕೆ ಆರ್ಡರ್ ಕೊಡುವುದು ಅವನ್ನು ನೋಡಿದ ಮೇಲಿರಲಿ.