ದುರ್ದಿನ ನೂರು ವರ್ಷ ಇರಲಿ

ಮೋಡಕ್ಕೂ ಮುಗಿಲಿಗೂ ಇರುವ ತಕರಾರನ್ನು ಈ ವಾರ ಬಗೆಹರಿಸುವುದಾಗಿ ಅಂಕಣ ಮಾತು ಕೊಟ್ಟಿತ್ತು. ಧಾರವಾಡದ ಕಡೆ ಮುಗಿಲೆಂದರೆ ಆಕಾಶ, ಮೈಸೂರಿನ ಕಡೆ ಮೋಡ. ಸದ್ಯಕ್ಕೆ ಇಷ್ಟೇ. ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಸರಿಯಾಗಿ ‘ದುರ್ದಿನ’ ಅಡ್ಡ ಬಂದಿದೆ.

ಪತ್ರಿಕೆಗಳಲ್ಲಿ ಈ ಪದ ಸಿಗುವುದು ಭಾಷಣದ ವರದಿಗಳಲ್ಲಿ. ರಂಗಭೂಮಿಗೆ ದುರ್ದಿನ, ಪಕ್ಷಕ್ಕೆ ದುರ್ದಿನ. ಹುಡುಕಿದರೂ ಒಂದು ತುಣುಕು ಮೋಡವಿಲ್ಲ. ಅಮರಕೋಶದ ದಿಗ್ವರ್ಗದಲ್ಲಿ ಇದರ ಜಾಗ ಆಲಿಕಲ್ಲಿನ ಪಕ್ಕ. ಅರ್ಥ, ಮೋಡ ಮುಚ್ಚಿದ ಹಗಲು. ಗ್ರಹಚಾರದ ಮಾತೇ ಇಲ್ಲ.

ಶೂದ್ರಕನ ‘ಮೃಚ್ಛಕಟಿಕ’ದ ಐದನೆಯ ಅಂಕದ ಹೆಸರೇ ‘ದುರ್ದಿನ’. (ಇದೇ ನಾಟಕವನ್ನು ಆಧರಿಸಿದ ಗಿರೀಶ ಕಾರ್ನಾಡರ ‘ಉತ್ಸವ್’ ಚಿತ್ರ ನೋಡಿದವರಿಗೆ ನಾಯಕಿ ವಸಂತಸೇನೆ ಹೊಸಬಳಲ್ಲ.) ವಿದೂಷಕ ಮೈತ್ರೇಯ ಗೊಣಗುತ್ತ ಬರುತ್ತಾನೆ: ಅಷ್ಟು ಬೆಲೆಬಾಳುವ ರತ್ನಹಾರ ಇಸಿದುಕೊಂಡ ವಸಂತಸೇನೆ ಕುಡಿಯಲು ನೀರೂ ಕೊಡಲಿಲ್ಲವಂತೆ! ಆಮೇಲೆ ಅವಳೇ ಗುಡುಗು ಮಿಂಚಿನ ನಡುವೆ, ವಿಟನ ಜತೆ, ದಾರಿಯುದ್ದಕ್ಕೂ ಮೋಡವನ್ನು ಬೈಯುತ್ತ ಹೊರಟು, ತೊಯ್ದು ತೊಪ್ಪೆಯಾಗಿ ಪ್ರಿಯಕರ ಚಾರುದತ್ತನ ಮನೆ ಸೇರುತ್ತಾಳೆ. ಅವನು ಒಣಬಟ್ಟೆ ತರಿಸುತ್ತಾನೆ. ಮೈತ್ರೇಯನಂತೂ ದುರ್ದಿನವನ್ನೇ ಎದುರಿಗೆ ನಿಲ್ಲಿಸಿಕೊಂಡವನಂತೆ ಬಾಯಿಗೆ ಬಂದದ್ದು ಅನ್ನುತ್ತಾನೆ. ಚಾರುದತ್ತ ತಡೆಯುತ್ತಾನೆ. ತನ್ನಂಥವನಿಗೆ ದಕ್ಕದವಳು ತೋಳಿಗೆ ಬಂದಿರುವಾಗ ಈ ದುರ್ದಿನ ನೂರು ವರ್ಷ ಇರಲಿ ಎನ್ನುತ್ತಾನೆ.

ಇವತ್ತಿನ ಪತ್ರಿಕಾ ಕನ್ನಡದಲ್ಲಿ ಅದೇ ಮಾತು ಶಾಪ.

ಹಾಗಾದರೆ ಮೋಡದ ದಿನಕ್ಕೆ ಪತ್ರಿಕೆಯವರು ಏನು ಬರೆಯುತ್ತಾರೆ? ‘ಸಾಮಾನ್ಯವಾಗಿ ಮೋಡ ಕವಿದ ವಾತಾವರಣ’. ಈ ಅಂಕಣಕ್ಕೂ ಆ ‘ಸಾಮಾನ್ಯವಾಗಿ’ಗೂ ಹಳೆಯ ಹಗೆ. ಹವಾಮಾನ ಇಲಾಖೆ ಆಕಾಶವನ್ನು 8 ಪಾಲು ಮಾಡಿ, 5ರಿಂದ 7 ಪಾಲು ಮುಚ್ಚಿದ್ದರೆ ಹೀಗೆ ಕರೆಯುತ್ತದೆ. ಲೆಕ್ಕ ಸರಿಯೇ. ಓದುಗರಿಗೆ ಮಾತ್ರ ಇದು ದಿನಾ ಇರುವ ಮೋಡವೋ, ಇವತ್ತಿನದೋ ತಿಳಿಯುವುದಿಲ್ಲ. ‘ಬಹುಪಾಲು ಮೋಡ’ ಎಂದಿದ್ದರೆ ಜಾಗವೂ ಉಳಿಯುತ್ತಿತ್ತು.

ಜನ ಅಷ್ಟೂ ಅನ್ನುವುದಿಲ್ಲ. ಒಂದು ಕಡೆ ‘ಮೋಡ ಹಾಕಿದೆ’, ಇನ್ನೊಂದು ಕಡೆ ‘ಮೋಡ ಆಗೇತಿ’. ಕಲಬುರಗಿಯಲ್ಲಿ ತೊಗರಿ ಹೂ ಬಿಟ್ಟಾಗ ಇದನ್ನು ಹೇಳುವವರ ದನಿಯೇ ಬೇರೆ. ಮೋಡ ನಾಲ್ಕು ದಿನ ನಿಂತರೆ ಹೂ ಉದುರುತ್ತದೆ, ಕಾಯಿಕೊರಕ ಹುಳು ಏಳುತ್ತದೆ. ಊರಿನ ತಾರಸಿಯ ಮೇಲೂ ಅದೇ ದನಿ. ಬೆಳಿಗ್ಗೆ ಹಳೇ ಪಂಚೆಯ ಮೇಲೆ ಇಟ್ಟ ಸಂಡಿಗೆ ಮಧ್ಯಾಹ್ನಕ್ಕೆ ಮೇಲೆ ಗಟ್ಟಿ, ಒಳಗೆ ಹಸಿ. ಬಿಡಿಸಲು ಹೋದರೆ ಹರಿಯುತ್ತದೆ, ಬಿಟ್ಟರೆ ಹುಳಿ ವಾಸನೆ. ಪಂಚೆಯನ್ನು ಸಂಡಿಗೆ ಸಮೇತ ನಾಲ್ಕು ಮೂಲೆ ಹಿಡಿದು ಕೆಳಗಿಳಿಸಿ, ನಡುಮನೆಯ ಫ್ಯಾನಿನ ಕೆಳಗೆ ಹರಡಿದ್ದಾರೆ.